ದ್ಯಾಮವ್ವನ ತವರುಮನಿ, ಗಂಡನ ಮನಿ

ಕಟ್ಟಿಗೆ ಕೆತ್ತುವ ಜನಪದ ಕಲಾವಿದನ ಬಗ್ಗೆ ಬರೆಯುವುದಕ್ಕೆ ನಮ್ಮಲ್ಲೊಂದು ಸಿದ್ಧ ಅಚ್ಚು ಇದೆ. ಮೊದಲು ಆತನ ಬಡತನ, ಆಮೇಲೆ ಅಜ್ಜ-ಮುತ್ತಜ್ಜರಿಂದ ಬಂದ ಕಸುಬು, ಆಮೇಲೆ ಉಳಿ, ಬಾಚಿ, ಕೊಡತಿಗಳ ಹೆಸರು, ಕೊನೆಗೆ ಸರಕಾರ ಈತನನ್ನು ಗುರುತಿಸಲಿಲ್ಲವೆಂಬ ಕೊರಗು. ನಡುವೆ ಎಲ್ಲಾದರೂ ಒಂದು ಕಡೆ ‘ಮುಗ್ಧ’ ಎಂಬ ಶಬ್ದ ಬರಲೇಬೇಕು. ಈ ಅಚ್ಚಿನಲ್ಲಿ ನಾನೇ ಹಿಂದೆ ಎರಡು ಲೇಖನ ಬರೆದಿದ್ದೇನೆ. ಈಗ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ಬರೆದದ್ದು ಸುಳ್ಳು ಅಂತಲ್ಲ. ಕೈಯನ್ನು ಅಷ್ಟೊಂದು ವರ್ಣಿಸಿದ ನಾನು, ಆ ಕೈ ಏನನ್ನು ಕೆತ್ತುತ್ತಿದೆ ಎಂದು ಕೇಳಿರಲಿಲ್ಲ. ಮಾದರ ಕೇರಿಯಲ್ಲಿ ಹುಟ್ಟಿ, ಹಲಗಿ ಬಾರಿಸುವವನ ಮಗನಾದ ನಾನೇ ಕೇಳದಿದ್ದರೆ ಇನ್ನು ಯಾರು ಕೇಳಬೇಕಿತ್ತು?

ದಲಿತ ವಿಮರ್ಶೆಯ ಈ ಸಂಚಿಕೆಗೆ ಬರೆಯಿರಿ ಅಂದಾಗ ಕಾವ್ಯ, ಕತೆ ಬಿಟ್ಟು ಒಂದು ಕಟ್ಟಿಗೆಯ ಮೂರ್ತಿಯ ಬಗ್ಗೆ ಬರೆಯುತ್ತೇನೆ ಅಂದೆ. ವಿಮರ್ಶೆ ಅಚ್ಚಾದ ಪುಸ್ತಕಕ್ಕೆ ಮಾತ್ರ ಸಲ್ಲತಕ್ಕದ್ದೆಂದು ನಾನು ಒಪ್ಪುವುದಿಲ್ಲ. ನಮ್ಮ ಕೇರಿಯವರಿಗೆ ಕಾಗದ ಓದುವ ಹಕ್ಕೇ ಇರದ ಕಾಲದಲ್ಲಿ ಅವರ ಎದುರಿಗೆ ಹಿಡಿದು ತೋರಿಸಿದ ಪಠ್ಯವೆಂದರೆ ಜಾತ್ರೆ, ತೇರು, ತೇರಿನ ಮೇಲೆ ಕುಳಿತ ಅವ್ವ. ಅದನ್ನು ಅವರು ತಪ್ಪಿಲ್ಲದೆ ಓದಿಕೊಂಡರು. ಓದದೆ ಬಿಟ್ಟವರು ಪದವಿ ಪಡೆದ ನಾವು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ತಾಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಈ ಸೀಮೆಯಲ್ಲಿ ಶಿವನಿಗೆ ಕಲ್ಲು, ದ್ಯಾಮವ್ವನಿಗೆ ಕಟ್ಟಿಗೆ. ಹಾವೇರಿಯ ಸಿದ್ಧೇಶ್ವರ ಗುಡಿ, ತುಂಗಭದ್ರೆಯ ದಂಡೆಯ ಗಳಗನಾಥ, ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಇವೆಲ್ಲ ಕಲ್ಲಿನವು. ಇವುಗಳ ಮೇಲೆ ಪುಸ್ತಕಗಳಿವೆ, ಶಾಸನಗಳಿವೆ, ಮುಂದೆ ಪುರಾತತ್ವ ಇಲಾಖೆಯ ಬೋರ್ಡಿದೆ. ನಮಗೆ ಹತ್ತಿರದ ಬಳ್ಳಿಗಾವೆಯಿಂದ ಹೋದ ದಾಸೋಜ ಬೇಲೂರಿನಲ್ಲಿ ತಾನು ಮಾಡಿದ ಮದನಿಕೆಯ ಕೆಳಗೆ ತನ್ನ ಹೆಸರನ್ನೇ ಕೆತ್ತಿಕೊಂಡ. ಕಲ್ಲಿನವನಿಗೆ ಅಷ್ಟಾದರೂ ಅವಕಾಶವಿತ್ತು. ಕಟ್ಟಿಗೆಯವನಿಗೆ ಅದೂ ಇಲ್ಲ. ಕಟ್ಟಿಗೆಯ ಮೂರ್ತಿಗೆ ಪ್ರತಿ ಜಾತ್ರೆಗೂ ಮೈತುಂಬ ಹೊಸ ಬಣ್ಣ. ಗೆದ್ದಲು ಹಿಡಿದರೆ, ಬಿರುಕು ಬಿಟ್ಟರೆ ಹೊಸ ಮೂರ್ತಿ. ಹೆಸರು ಬರೆದರೂ ಬಣ್ಣದ ಕೆಳಗೆ ಹೋಗುತ್ತದೆ. ಹೀಗಾಗಿ ಕಲ್ಲಿನದು ‘ಶಿಲ್ಪ’ವಾಯಿತು, ಕಟ್ಟಿಗೆಯದು ‘ಜಾನಪದ’ವಾಯಿತು.

ನಾನು ಬರೆಯಹೊರಟ ಕೆತ್ತನೆಗಾರ ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಬಡಿಗೇರ ಅಜ್ಜ. ಎಂಬತ್ತರ ಹತ್ತಿರ ವಯಸ್ಸು. ಹೆಸರು, ಊರು ಹಾಕಬ್ಯಾಡ್ರಿ ಅಂದಿದ್ದಾರೆ. ಯಾಕೆಂಬುದು ಮುಂದೆ ತಿಳಿಯುತ್ತದೆ. ಸಣ್ಣವನಿದ್ದಾಗ ಅಪ್ಪನ ಜೊತೆ ಅವರ ಮನೆಗೆ ಹೋಗುತ್ತಿದ್ದೆ. ಕಟ್ಟೆಯ ಕೆಳಗೆ ನಿಲ್ಲುತ್ತಿದ್ದೆವು. ಅಪ್ಪ ‘ಯಪ್ಪಾ’ ಅನ್ನುತ್ತಿದ್ದ, ಅವರು ‘ಏನಲೇ’ ಅನ್ನುತ್ತಿದ್ದರು. ಈಗ ಹೋದರೆ ‘ಬರ್ರಿ ಮಾಸ್ತರ, ಕುಂದರ್ರಿ’ ಅಂತ ಕುರ್ಚಿ ಕೊಡುತ್ತಾರೆ. ಕುರ್ಚಿ ಹಾಕುವುದು ಅಂಗಳದಲ್ಲಿ.

ಒಂದು ಕಾಲಕ್ಕೆ ಬಡಿಗನೂ ಮಾದರವನೂ ಒಂದೇ ಕಣದ ಮೇಲೆ ನಿಂತವರು. ಸುಗ್ಗಿಯಲ್ಲಿ ಆಯದ ಕಾಳಿಗೆ ಇಬ್ಬರೂ ಬರಬೇಕು. ಬಡಿಗ ಕೂರಿಗೆ, ಕುಂಟೆ, ಚಕ್ಕಡಿ ಮಾಡಿಕೊಟ್ಟದ್ದಕ್ಕೆ. ನಮ್ಮವರು ಮಿಣಿ, ಬಾರಕೋಲು, ಕೆರವು ಮಾಡಿಕೊಟ್ಟದ್ದಕ್ಕೆ. ಅವರಿಗೆ ರಾಶಿಯಿಂದ ಅಳೆದು ಕೊಡುತ್ತಿದ್ದರು, ನಮ್ಮವರಿಗೆ ಕಣದ ಮಣ್ಣು ಬೆರೆತ ಕಾಳನ್ನು ಬಳಿದುಕೊಳ್ಳಲು ಬಿಡುತ್ತಿದ್ದರು. ಇಷ್ಟರ ಅಂತರ. ಆದರೆ ಆ ಅಂತರದ ಮೇಲೆಯೇ ಒಬ್ಬನ ಕೆಲಸ ಕಲೆಯಾಯಿತು, ಇನ್ನೊಬ್ಬನದು ಹೊಲಸಾಯಿತು. ಹಲಗಿಯ ಕಟ್ಟಿಗೆ ಬಳೆಯನ್ನು ಬಗ್ಗಿಸಿ ಸುತ್ತು ಸರಿಮಾಡುವುದು, ಕೆರವಿನ ಅಳತೆಗೆ ಕಟ್ಟಿಗೆಯ ಕಾಲಚ್ಚು ಕೊರೆದುಕೊಳ್ಳುವುದು ಇವೂ ಕಟ್ಟಿಗೆಯ ಕೆಲಸಗಳೇ. ನಮ್ಮಪ್ಪ ಜಾಲಿಯ ತುಂಡಿನಲ್ಲಿ ಕೊರೆದ ಒಂದು ಕಾಲಚ್ಚು ನನ್ನ ಹತ್ತಿರ ಇನ್ನೂ ಇದೆ. ಬೆರಳ ಸಂದು, ಹಿಮ್ಮಡದ ಉಬ್ಬು ಎಲ್ಲ ಇದೆ. ಅದನ್ನು ಕೆತ್ತನೆ ಎಂದು ಇದುವರೆಗೆ ಯಾರೂ ಕರೆದಿಲ್ಲ. ನನ್ನ ಎರಡೂ ಲೇಖನಗಳಲ್ಲಿ ನಾನೂ ಕರೆದಿರಲಿಲ್ಲ.

ಬಡಿಗೇರ ಅಜ್ಜನ ಬದುಕು ಹೇಳಬೇಕೆಂದರೆ ಚಕ್ಕಡಿ ಗಾಲಿಯಿಂದಲೇ ಹೇಳಬೇಕು. ವರ್ಷಕ್ಕೆ ಹತ್ತು ತಿಂಗಳು ಗಾಲಿ, ಕೂರಿಗೆ, ಬಾಗಿಲ ಚೌಕಟ್ಟು. ದೇವರ ಕೆಲಸ ಬರುವುದು ಅಪರೂಪ. ಹೋಳಿಗೆ ಕಾಮಣ್ಣ-ರತಿಯರ ಮೂರ್ತಿ, ದೊಡ್ಡಾಟದ ಮೇಳಕ್ಕೆ ಹಗುರ ಕಟ್ಟಿಗೆಯ ಕಿರೀಟ, ಭುಜಕೀರ್ತಿ. ಕಾಮಣ್ಣನ ವ್ಯಾಪಾರ ರಾಣೆಬೆನ್ನೂರಿನಲ್ಲಿ ಆಗುತ್ತಿರಲಿಲ್ಲವಂತೆ. ‘ಅಲ್ಲಿ ಮನಶ್ಯಾರನ್ನ ಕುಂದರಸ್ತಾರಲ್ರಿ, ಕಟ್ಟಿಗೀ ಯಾಕ ಬೇಕು’ ಎಂದು ನಕ್ಕರು. ಹೌದು, ರಾಣೆಬೆನ್ನೂರಿನ ಹೋಳಿಯಲ್ಲಿ ಜೀವಂತ ಗಂಡಸರೇ ರತಿ-ಮನ್ಮಥರಾಗಿ ಅಲುಗದೆ ಕುಳಿತುಕೊಳ್ಳುತ್ತಾರೆ; ಅವರನ್ನು ನಗಿಸಿದವರಿಗೆ ಬಹುಮಾನ. ಆಮೇಲೆ ಟಾಯರ್ ಗಾಡಿ ಬಂತು, ಆಮೇಲೆ ಟ್ರ್ಯಾಕ್ಟರು. ಗಾಲಿ ಹೋಯಿತು. ಕಬ್ಬಿಣದ ಕೂರಿಗೆ ಬಂತು, ಕೂರಿಗೆಯೂ ಹೋಯಿತು. ಇಬ್ಬರು ಮಕ್ಕಳಲ್ಲಿ ಒಬ್ಬ ಹುಬ್ಬಳ್ಳಿಯಲ್ಲಿ ಪ್ಲೈವುಡ್ ಕೆಲಸ ಮಾಡುತ್ತಾನೆ, ಇನ್ನೊಬ್ಬ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಗುಮಾಸ್ತ. ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಕೊಪ್ಪಳದ ಕಿನ್ನಾಳದ ಬೊಂಬೆಗೂ ಸಿಕ್ಕಿದೆ. ನಮ್ಮ ಅಜ್ಜನ ದ್ಯಾಮವ್ವಗೆ ಸಿಗುವುದಿಲ್ಲ. ಸಿಗಬೇಕೆಂದು ನಾನು ಈ ಲೇಖನದಲ್ಲಿ ಅಳುವವನೂ ಅಲ್ಲ.

ಈಗ ಮೂರ್ತಿಗೆ ಬರೋಣ. ದ್ಯಾಮವ್ವನನ್ನು ಒಂದೇ ತುಂಡಿನಲ್ಲಿ ಕೆತ್ತುವುದಿಲ್ಲ. ಮೈ ಒಂದು, ಕೈಗಳು ಬೇರೆ ಬೇರೆ. ಕೈಗಳನ್ನು ಕೀಲು ಕೊಟ್ಟು ಕೂಡಿಸುತ್ತಾರೆ. ಬುಡದಲ್ಲಿ ಪೀಠ, ಪೀಠದ ಮೇಲೆ ಆಕೆಯ ಕಾಲ ಕೆಳಗಿನ ಕೋಣ. ಕಟ್ಟಿಗೆ ಪೂರ್ತಿ ಒಣಗಬೇಕು; ಹಸಿಯಿದ್ದಾಗ ಉಳಿ ಹಚ್ಚಿದರೆ ಬಣ್ಣದ ಮೇಲೆ ಸೀಳು ಬರುತ್ತದೆ. ಬಿರುಕುಗಳಿಗೆ ಹುಣಸೆ ಬೀಜದ ಅಂಟು, ಅರಿವೆ, ಕಟ್ಟಿಗೆ ಹೊಟ್ಟು ಕಲಸಿ ತುಂಬುತ್ತಾರೆ. ಮುಖ ಕಡೆಗೆ. ಕಣ್ಣು ಎಲ್ಲಕ್ಕಿಂತ ಕಡೆಗೆ, ಅದನ್ನು ಬರೆಯುವಾಗ ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಅಜ್ಜ ಮಾಡಿದ ಮುಖಗಳನ್ನು ನಾಲ್ಕು ಊರುಗಳಲ್ಲಿ ನೋಡಿದ್ದೇನೆ. ಕಣ್ಣು ದೊಡ್ಡವು, ಆದರೆ ಸಿಟ್ಟಿನವಲ್ಲ. ಕೆಳತುಟಿ ತುಸು ಮುಂದೆ ಬಂದಿರುತ್ತದೆ, ಏನನ್ನೋ ಹೇಳಬೇಕೆಂದು ತಡೆದುಕೊಂಡ ಹೆಂಗಸಿನ ಹಾಗೆ. ನೆರೆಯ ಶಿರಸಿಯ ಮಾರಿಕಾಂಬೆ ಪ್ರಸಿದ್ಧಳು, ಏಳಡಿಯವಳು, ಕಟ್ಟಿಗೆಯವಳೇ. ಆಕೆ ನಮ್ಮ ಹಾನಗಲ್ಲಿನಿಂದ ಹೋದವಳೆಂದು ಐತಿಹ್ಯವಿದೆ. ಆದರೆ ಅಲ್ಲಿ ನೋಡುವವರ ಎದೆ ನಡುಗಿಸುವ ಮುಖವಿದೆ. ಅಜ್ಜನ ದ್ಯಾಮವ್ವನ ಮುಖದಲ್ಲಿ ಮೋಸ ಹೋದ ದುಃಖ ಮೊದಲು ಕಾಣುತ್ತದೆ, ಶಕ್ತಿ ಆಮೇಲೆ. ಕೆತ್ತನೆಗಾರನಾಗಿ ಆತ ದೊಡ್ಡವನು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇಷ್ಟು ಕೆತ್ತಿದ ಮೂರ್ತಿ ಜನಕ್ಕೆ ಕಾಣುವುದೆಷ್ಟು? ಜಾತ್ರೆಯಲ್ಲಿ ಸೀರೆ ಉಡಿಸುತ್ತಾರೆ, ಮಾಲೆ ಹಾಕುತ್ತಾರೆ, ಉಡಿ ತುಂಬುತ್ತಾರೆ. ಮುಖ, ಮುಂಗೈ ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಸೀರೆಯ ನಿರಿಗೆಯ ಹಿಂದೆ ಕೋಣನೂ ಮುಚ್ಚಿಹೋಗುತ್ತಾನೆ. ಚೌತಮನಿ ಕಟ್ಟೆಯ ಮುಂದೆ ಸಾಲು ನಿಂತು ಕೈಮುಗಿದು ಹೋಗುವ ಸಾವಿರಾರು ಜನರಲ್ಲಿ ಎಷ್ಟು ಜನ ಆಕೆಯ ಕಾಲ ಕೆಳಗೆ ಏನಿದೆಯೆಂದು ನೋಡಿದ್ದಾರೆ? ಜಾನಪದ ಪಂಡಿತರ ಫೋಟೋಗಳಲ್ಲೂ ಸೊಂಟದ ಮೇಲಿನದು ಮಾತ್ರ. ವಿಮರ್ಶೆಯೂ ಸೊಂಟದ ಮೇಲಿನದೇ.

ಕಾಲ ಕೆಳಗಿನವನ ಕಥೆ ನಮ್ಮ ಭಾಗದಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಬ್ರಾಹ್ಮಣರ ಹುಡುಗಿ ದ್ಯಾಮವ್ವ. ಹೊಲೆಯರವನೋ ಮಾದಿಗರವನೋ, ಹೇಳುವವರ ಬಾಯಲ್ಲಿ ಬದಲಾಗುತ್ತದೆ, ಒಬ್ಬ ಹುಡುಗ ವಿದ್ಯೆ ಕಲಿತು ತಾನೂ ಬ್ರಾಹ್ಮಣನೆಂದು ಹೇಳಿ ಆಕೆಯನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಒಂದು ದಿನ ಅವನ ತಾಯಿ ಮಗನನ್ನು ನೋಡಲು ಬರುತ್ತಾಳೆ. ಸೊಸೆ ಸಿಹಿ ಅಡುಗೆ ಮಾಡಿ ಬಡಿಸುತ್ತಾಳೆ. ಮುದುಕಿ ತಿನ್ನುತ್ತಾ, ಇದು ಸುಟ್ಟ ಎಮ್ಮೆ ನಾಲಿಗೆಯ ಹಾಗೇ ರುಚಿಯಾಗಿದೆಯಲ್ಲೋ ಮಗನೇ ಅಂದುಬಿಡುತ್ತಾಳೆ. ಗುಟ್ಟು ಒಡೆಯುತ್ತದೆ. ದ್ಯಾಮವ್ವ ಮನೆಗೆ ಬೆಂಕಿ ಹಚ್ಚುತ್ತಾಳೆ, ಮಕ್ಕಳನ್ನು ಕೊಲ್ಲುತ್ತಾಳೆ. ಗಂಡ ಓಡಿಹೋಗಿ ಕೋಣನ ಮೈಯಲ್ಲಿ ಅಡಗುತ್ತಾನೆ, ಅಲ್ಲೂ ಬಿಡದೆ ತಿವಿದು ಕೊಲ್ಲುತ್ತಾಳೆ. ಆದ್ದರಿಂದ ಜಾತ್ರೆಯಲ್ಲಿ ಕೋಣ, ಕುರಿ. ಆದ್ದರಿಂದ ಕಡೆಯ ದಿನ ಗುಡಿಸಲು ಸುಡುವುದು. ಶಿರಸಿಯಲ್ಲಿ ಸುಡುವುದನ್ನು ಮಾತಂಗಿ ಚಪ್ಪರ ಅಂತಲೇ ಕರೆಯುತ್ತಾರೆ.

ನನ್ನವ್ವ ಈ ಕಥೆ ಹೇಳುವಾಗ ಎಮ್ಮೆ ನಾಲಿಗೆಯ ಮಾತಿಗೆ ಬಂದಾಗ ನಗುತ್ತಿದ್ದಳು. ‘ಪಾಪ, ಮುದುಕಿ ಹೊಗಳಿದ್ಲು’ ಅನ್ನುತ್ತಿದ್ದಳು. ಅವಳ ಪ್ರಕಾರ ಸೊಸೆಯ ಅಡುಗೆಯನ್ನು ಅದಕ್ಕಿಂತ ದೊಡ್ಡದಾಗಿ ಹೊಗಳುವುದು ಸಾಧ್ಯವೇ ಇರಲಿಲ್ಲ. ದ್ಯಾಮವ್ವನ ಕಥೆಯ ಮೇಲೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು.

ಈ ಕಥೆಯನ್ನು ಕಲ್ಯಾಣದ ಪಕ್ಕದಲ್ಲಿಟ್ಟು ನೋಡಬೇಕು. ಹನ್ನೆರಡನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ. ಅದಕ್ಕೆ ಶಿಕ್ಷೆ, ಎಳೆಹೂಟೆ, ಕಲ್ಯಾಣದ ನಾಶ. ಗಂಡು ನಮ್ಮವನು, ಹೆಣ್ಣು ಅಗ್ರಹಾರದವಳು. ಜೋಡಿ ಎರಡೂ ಕಡೆ ಅದೇ. ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’ ಎಲ್ಲ ಈ ಕಲ್ಯಾಣವನ್ನು ಸುತ್ತಿದವು, ಕನ್ನಡ ವಿಮರ್ಶೆ ಅದರ ಮೇಲೆ ಸಾಕಷ್ಟು ಕಾಗದ ಖರ್ಚು ಮಾಡಿತು. ಆದರೆ ಅದೇ ಮದುವೆಯನ್ನು ಮೋಸವೆಂದು ಕರೆದು, ಗಂಡನ ಕೊಲೆಯನ್ನು ನ್ಯಾಯವೆಂದು ಸಾರಿ, ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ ಊರೂರಿನಲ್ಲಿ ಆಡಿ ತೋರಿಸುವ ನಾಟಕವೊಂದಿದೆ; ಅದರ ಬಗ್ಗೆ ವಿಮರ್ಶೆ ಬಾಯಿ ಬಿಡಲಿಲ್ಲ. ಅದು ‘ಜನಪದ ಆಚರಣೆ’ಯಾಗಿ ಬೇರೆ ಕೋಣೆಗೆ ಹೋಯಿತು. ಕಲ್ಯಾಣದಲ್ಲಿ ಎರಡೂ ಮನೆಯವರಿಗೆ ಒಪ್ಪಿಗೆಯಿತ್ತು, ರಾಜನಿಗಿರಲಿಲ್ಲ. ದ್ಯಾಮವ್ವನ ಕಥೆ ಮಾಡಿದವರು ಜಾಣರು. ಶಿಕ್ಷೆ ಕೊಡುವ ಕೆಲಸವನ್ನು ರಾಜನ ಕೈಯಿಂದ ತೆಗೆದು ಹೆಂಡತಿಯ ಕೈಗೇ ಕೊಟ್ಟರು. ಗಜೇಂದ್ರಗಡದ ಕಡೆ 2019ರಲ್ಲಿ ಬೇರೆ ಬೇರೆ ಜಾತಿಯ ಗಂಡ ಹೆಂಡಿರನ್ನು ಹುಡುಗಿಯ ತವರಿನವರು ಕೊಂದಾಗ ನಮ್ಮ ಸಂಘಟನೆಗಳು ಹಾವೇರಿಯಲ್ಲೂ ಮೆರವಣಿಗೆ ಮಾಡಬೇಕೆಂದು ಮಾತಾಡಿದವು. ಅದೇ ವರ್ಷ ನಾವೆಷ್ಟು ಜನ ಜಾತ್ರೆಗೆ ಪಟ್ಟಿ ಕೊಟ್ಟಿದ್ದೆವೋ ಲೆಕ್ಕ ಹಾಕಿಲ್ಲ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅಜ್ಜನ ಮನೆಗೆ ಹೋದಾಗ ಅವರ ಊರಿನ ಹಳೆ ದ್ಯಾಮವ್ವ ಬಣ್ಣಕ್ಕೆ ಬಂದಿದ್ದಳು. ಸೀರೆಯಿಲ್ಲ, ಮಾಲೆಯಿಲ್ಲ. ಕೈಗಳನ್ನು ಕೀಲಿನಿಂದ ಬಿಚ್ಚಿ ಗೋಡೆಗೆ ಆನಿಸಿದ್ದರು. ಮೊದಲ ಸಲ ನಾನು ಪೀಠವನ್ನು ಪೂರ್ತಿ ನೋಡಿದೆ. ಕೋಣನ ಕುತ್ತಿಗೆಯಿಂದ ಅರ್ಧ ಮೈ ಹೊರಗೆ ಬಂದ ಮನುಷ್ಯ. ಕೋರೆಹಲ್ಲಿಲ್ಲ, ಕೊಂಬಿಲ್ಲ. ಸಣ್ಣ ಮೀಸೆ. ಒಂದು ಕೈ ಮೇಲಕ್ಕೆತ್ತಿದ್ದಾನೆ, ಹೊಡೆಯಲಿಕ್ಕಲ್ಲ, ತಡಿ ತಡಿ ಅನ್ನುವ ಹಾಗೆ. ಇದು ಅಜ್ಜನ ಅಜ್ಜ ಮಾಡಿದ್ದಂತೆ.

‘ಇಂವ ಯಾರ್ರಿ ಯಜ್ಜಾರ?’ ಅಂದೆ.

‘ಮಹಿಷಾಸುರ ಅಂತಾರ ಈಗ’ ಅಂದರು. ಸ್ವಲ್ಪ ತಡೆದು, ‘ನಮ್ಮಜ್ಜ ಅಳಿಯಾ ಅಂತಿದ್ದ. ಬಣ್ಣಾ ಕಲಸಿಟ್ಟು, ಏ ತಮ್ಮಾ, ಅಳಿಯಾಗ ಮೊದಲ ಹಚ್ಚು, ಮಗಳಿಗೆ ಆಮ್ಯಾಲೆ ಅಂತಿದ್ದ.’

ಇದು ನನಗೆ ಹೊಳೆದಿರಲೇ ಇಲ್ಲ. ನಮ್ಮ ಕಡೆಯ ಊರುಗಳಲ್ಲಿ ದ್ಯಾಮವ್ವನ ತವರುಮನೆ ಬಡಿಗೇರರದು. ಜಾತ್ರೆಗೆ ಮೊದಲು ಆಕೆ ಬಣ್ಣಕ್ಕೆಂದು ಬರುವುದು ತವರಿಗೆ ಬಂದ ಹಾಗೆ. ಉಡಿ ತುಂಬಿ ಕಳಿಸುವವರು ಅವರೇ, ಕೆಲವು ಕಡೆ ಪೂಜಾರಿಕೆಯೂ ಅವರದೇ. ಕಥೆಯ ಪ್ರಕಾರ ಗಂಡನ ಮನೆ ನಮ್ಮ ಕೇರಿ. ಅಂದರೆ ಬಡಿಗೇರರ ಮನೆ ಮಗಳನ್ನು ಕೊಟ್ಟ ಮನೆ, ಮಾದರ 
ಮನೆ ತಂದ ಮನೆ. ನಾನು ಇದನ್ನು ಬಾಯಿಬಿಟ್ಟು ಹೇಳುವುದರೊಳಗೆ ಅಜ್ಜನೇ ಹೇಳಿದರು: ‘ಲೆಕ್ಕಾ ಹಿಡದರ ನೀವು ನಾವು ಬೀಗರ ಆಗಬೇಕಲ್ರಿ ಮಾಸ್ತರ.’ ಹೇಳಿ ನಕ್ಕರು. ನಕ್ಕು ಬಾಗಿಲ ಕಡೆ ನೋಡಿದರು, ಯಾರಾದರೂ ಕೇಳಿಸಿಕೊಂಡರೇನೋ ಅಂತ. ಹೆಸರು ಹಾಕಬ್ಯಾಡ್ರಿ ಅಂದದ್ದು ಆಗ.

ಜಾನಪದ ವಿದ್ವಾಂಸರು ಈ ಕಥೆಯನ್ನು ಬಚ್ಚಿಟ್ಟರೆಂದು ಹೇಳಿದರೆ ತಪ್ಪಾಗುತ್ತದೆ. ಬ್ರಿಟಿಷರ ಕಾಲದ ಧಾರವಾಡ ಗೆಜೆಟಿಯರಿನಲ್ಲೇ, ಅಂದರೆ 1884ರಲ್ಲೇ, ದ್ಯಾಮವ್ವ-ದುರ್ಗವ್ವರ ಜಾತ್ರೆಯ ವಿವರವಿದೆ. ಆಮೇಲೆ ಕನ್ನಡದಲ್ಲೂ ಎಷ್ಟೋ ಜನ ಸಂಗ್ರಹಿಸಿದರು. ಆದರೆ ಸಂಗ್ರಹಿಸಿದ್ದನ್ನು ‘ಇದು ಅನುಲೋಮ-ವಿಲೋಮ ಸಂಘರ್ಷದ ಸ್ಮೃತಿ’ ಎಂಬ ಒಂದು ಸಾಲಿನಲ್ಲಿ ಮುಗಿಸಿ, ಮುಂದೆ ಹುಲುಸು ಚೆಲ್ಲುವುದರ ವರ್ಣನೆಗೆ ಹೋದರು. ನಾನು ಒಂದು ವಿಚಾರ ಸಂಕಿರಣದಲ್ಲಿ ಈ ಅಳಿಯನ ಮಾತು ಎತ್ತಿದಾಗ ಅಧ್ಯಕ್ಷತೆ ವಹಿಸಿದ್ದವರು, ಪುರಾಣಕ್ಕೆ ಜಾತಿ ಹಚ್ಚಬಾರದು ಎಂದು ಪ್ರೀತಿಯಿಂದ ತಿದ್ದಿದರು. ಹಚ್ಚಿದ್ದು ನಾನಲ್ಲ, ಮೊದಲೇ ಹಚ್ಚಿದ್ದನ್ನು ಬಣ್ಣ ಬಳಿದು ಮುಚ್ಚಿದ್ದಾರೆ ಅಂದೆ. ಊಟದ ಗಂಟೆಯಾಗಿತ್ತು.

ಶಿಗ್ಗಾವಿ ತಾಲೂಕಿನ ಗೋಟಗೋಡಿಯಲ್ಲಿ, ಜಾನಪದ ವಿಶ್ವವಿದ್ಯಾಲಯದ ನೆರೆಯಲ್ಲೇ, ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಕಸುಬು, ಮನೆ, ದನಕರುಗಳೆಲ್ಲ ಆಳೆತ್ತರದ ಸಿಮೆಂಟಿನ ಮೂರ್ತಿಗಳಾಗಿವೆ. 2020ರಲ್ಲಿ ತೀರಿಕೊಂಡ ಸೊಲಬಕ್ಕನವರ ದೊಡ್ಡ ಕಲಾವಿದರು, ದೊಡ್ಡಾಟಕ್ಕೆ ಅವರು ಮಾಡಿದ ಕೆಲಸ ಸಣ್ಣದಲ್ಲ. ಆದರೂ ಅಲ್ಲಿ ಅಡ್ಡಾಡುವಾಗ ನನಗೆ ಕಾಡುವುದು ಊರಿನ ಒಳಗು-ಹೊರಗಿನ ಪ್ರಶ್ನೆ. ಎಲ್ಲರೂ ಒಂದೇ ಬಯಲಿನಲ್ಲಿ ಹತ್ತಿರ ಹತ್ತಿರ ನಿಂತಿದ್ದಾರೆ. ನಾನು ಬೆಳೆದ ಊರಿನಲ್ಲಿ ಕಸುಬುಗಳ ನಡುವೆ ಅಷ್ಟು ಕಡಿಮೆ ದೂರ ಇರಲಿಲ್ಲ. ದೂರವನ್ನು ಸಿಮೆಂಟಿನಲ್ಲಿ ಮಾಡುವುದು ಕಷ್ಟವೇ ಇರಬಹುದು.

ಇನ್ನು ನಮ್ಮವರ ಕಡೆಗೆ ಬರುತ್ತೇನೆ. ಇಲ್ಲಿ ಎರಡು ದಾರಿಗಳಿದ್ದವು. ರಾಣೆಬೆನ್ನೂರಿನಿಂದ ಹೊಳೆ ದಾಟಿದರೆ ಹರಿಹರ, ಪ್ರೊ. ಬಿ. ಕೃಷ್ಣಪ್ಪನವರ ಊರು. ದಲಿತ ಸಂಘರ್ಷ ಸಮಿತಿ 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ವಿರೋಧಿಸಿದಾಗ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ನಡೆದ ಹಲ್ಲೆ ನಮ್ಮ ಭಾಗದ ಹುಡುಗರನ್ನು ಬದಲಾಯಿಸಿತು. ದೇವಿ ಬೇಡ, ಹಲಗಿ ಬೇಡ, ಸತ್ತ ದನ ಹೊರುವುದು ಬೇಡ. ನಾನೂ ಆ ಹುಡುಗರಲ್ಲಿ ಒಬ್ಬ. ಅಪ್ಪನ ಹಲಗಿಯನ್ನು ಅಟ್ಟಕ್ಕೆ ಎಸೆದು, ಇನ್ನ ಜಾತ್ರಿಗೆ ಹೋದರ ನಾ ಮನಿ ಬಿಟ್ಟ ಹೋಗ್ತೀನಿ ಅಂದಿದ್ದೆ. ಇನ್ನೊಂದು ದಾರಿ ಕವಿ ಸಿದ್ಧಲಿಂಗಯ್ಯನವರು ‘ಗ್ರಾಮದೇವತೆಗಳು’ ಸಂಶೋಧನೆಯಲ್ಲಿ ತೋರಿಸಿದ್ದು. ಅವರು ಈ ದೈವಗಳನ್ನು ನಮ್ಮ ಜನರ ನೆರೆಮನೆಯವರ ಹಾಗೆ ಕಂಡರು, ಬೈಸಿಕೊಳ್ಳುವ, ನಗಿಸುವ, ಹಸಿಯುವ ದೈವಗಳು. ಡಿ.ಆರ್. ನಾಗರಾಜರೂ ದಲಿತ ಚಳುವಳಿ ತನ್ನ ಸಾಂಸ್ಕೃತಿಕ ನೆನಪುಗಳನ್ನು ಬರೀ ಅವಮಾನವೆಂದು ಬಿಸಾಡಿದರೆ ಕೈಯಲ್ಲಿ ಏನುಳಿಯುತ್ತದೆ ಎಂದು ಕೇಳಿದರು. ಕುಶಲಕರ್ಮಿಗಳ ತಂತ್ರಜ್ಞಾನ ಸತ್ತದ್ದನ್ನೂ ಒಂದು ಹತ್ಯೆಯಂತೆ ನೋಡಿದರು.

ನನಗೆ ಎರಡೂ ದಾರಿ ಬೇಕು, ಎರಡೂ ಸಾಲದು. ದ್ಯಾಮವ್ವನನ್ನು ನಮ್ಮವಳೆಂದು ಅಪ್ಪಿಕೊಳ್ಳುವವರು ಆಕೆಯ ಕೈಯಲ್ಲಿರುವ ತ್ರಿಶೂಲ ಯಾರ ಎದೆಯಲ್ಲಿದೆ ಎಂದು ನೋಡಬೇಕು. ಜಾತ್ರೆಯಲ್ಲಿ ತೇರಿನ ಮುಂದೆ ಆಕೆಯನ್ನು ಬಾಯಿಗೆ ಬಂದ ಹಾಗೆ ಬೈಯುವ ರಾಣಿಗ್ಯಾನ ಪಾತ್ರವಿತ್ತು, ಅದು ಮಾದರವನದು. ಅದನ್ನು ದಲಿತ ಪ್ರತಿರೋಧ ಎಂದು ಬರೆದವರಿದ್ದಾರೆ. ಗಂಡನ ಮನೆಯವನಿಗೆ ಒಂದು ದಿನ ಬೈಯಲು ಬಿಟ್ಟು, ಸಂಜೆ ಅವನ ಕೈಯಲ್ಲೇ ಕೋಣನನ್ನು ಕಡಿಸುವ ವ್ಯವಸ್ಥೆಗೆ ಪ್ರತಿರೋಧ ಎಂಬ ಹೆಸರು ಹೆಚ್ಚಾಯಿತು. ಎಲ್ಲ ಸುಡಿ ಅನ್ನುವವರಿಗೆ ನನ್ನ ಪ್ರಶ್ನೆ ಬೇರೆ. ಕೋಣನ ಬಲಿ ನಿಂತಾಗ ಏನಾಯಿತು? ಶಿರಸಿಯಲ್ಲಿ 1930ರ ದಶಕದಲ್ಲಿ, ಗಾಂಧೀಜಿಯ ಹರಿಜನ ಪ್ರವಾಸದ ಕಾಲಕ್ಕೆ, ಅದು ನಿಂತಿತು. ಆಮೇಲೆ 1959ರ ಪ್ರಾಣಿಬಲಿ ನಿಷೇಧದ ಕಾಯ್ದೆ ಬಂತು. ಕೋಣನ ಬದಲು ಕುಂಬಳಕಾಯಿ ಬಂತು. ಕೋಣ ಬದುಕಿತು, ಒಳ್ಳೆಯದೇ. ಕೊಲೆಯ ಕಥೆಗೆ ಮಾತ್ರ ಯಾವ ನಿಷೇಧವೂ ಬರಲಿಲ್ಲ. ಕಥೆಗೆ ಬೇರೆಯದೇ ಒಂದು ಆಯಿತು, ಅದರ ಹೆಸರು ಬದಲಾಯಿತು. ಅಳಿಯ ಮಹಿಷಾಸುರನಾದ.

ಮೈಸೂರಿನಲ್ಲಿ ಮಹಿಷ ದಸರಾ ಮಾಡುವ ಗೆಳೆಯರು ಮಹಿಷ ರಾಕ್ಷಸನಲ್ಲ, ಮೂಲನಿವಾಸಿಗಳ ರಾಜ ಅನ್ನುತ್ತಾರೆ. ಅದಕ್ಕಾಗಿ 2019ರಲ್ಲೂ 2023ರಲ್ಲೂ ಗದ್ದಲವಾಯಿತು. ಬಾಬಾಸಾಹೇಬರು ಹಿಂದೂ ಧರ್ಮದ ಒಗಟುಗಳನ್ನು ಬಿಡಿಸುವಾಗ, ದೇವರುಗಳಿದ್ದೂ ರಾಕ್ಷಸರನ್ನು ಕೊಲ್ಲಲು ದೇವಿಯರೇಕೆ ಬೇಕಾದರು ಎಂದು ಕೇಳಿದ್ದು ಇಲ್ಲಿ ನೆನಪಾಗುತ್ತದೆ. ಮೈಸೂರಿನ ಗೆಳೆಯರ ಜೊತೆ ನಾನಿದ್ದೇನೆ. ಆದರೆ ನಮ್ಮ ಸೀಮೆಯ ಕೋಣ ರಾಜನಲ್ಲ, ಅಳಿಯ. ಅವನಿಗೆ ಸಿಂಹಾಸನ ಹೋಗಲಿಲ್ಲ, ಹೆಂಡತಿ ಮಕ್ಕಳು ಹೋದರು. ಅವನನ್ನು ರಾಜನನ್ನಾಗಿ ಮಾಡಿದರೂ ರಾಕ್ಷಸನನ್ನಾಗಿ ಮಾಡಿದರೂ ಆ ಮದುವೆಯ ಮಾತು ಮುಚ್ಚಿಹೋಗುತ್ತದೆ.

ಕಟ್ಟಿಗೆ ಮತ್ತು ತೊಗಲು ಕೂಡಿದ್ದು ಬೇರೆ ಒಂದು ಕಡೆ ಇದೆ. ಜಗ್ಗಲಿಗಿ. ಚಕ್ಕಡಿಯ ಗಾಲಿಗೆ ಕೋಣನ ಹಸಿ ತೊಗಲು ಬಿಗಿದು ಮಾಡುವ, ನಿಂತ ಮನುಷ್ಯನ ಎದೆಮಟ್ಟಕ್ಕೆ ಬರುವ ವಾದ್ಯ. ಹೋಳಿ, ಯುಗಾದಿಗೆ ಅದನ್ನು ಉರುಳಿಸಿಕೊಂಡು ಬಾರಿಸುತ್ತ ಹೋಗುತ್ತಾರೆ. ಹುಬ್ಬಳ್ಳಿ ಹತ್ತಿರದ ಬ್ಯಾಹಟ್ಟಿಯವರ ಜಗ್ಗಲಿಗಿ ಹೆಸರಾದದ್ದು. ಗಾಲಿ ಬಡಿಗನದು, ತೊಗಲು ಮಾದರವನದು. ಹದಿನೈದು ಜನ ಕೂಡಿ ಬಾರಿಸಿದರೆ ಎದೆಯೊಳಗೆ ಕೇಳುತ್ತದೆ. ಬಡಿಗೇರ ಅಜ್ಜ ಅಂಥ ಗಾಲಿಯನ್ನು ನಮ್ಮ ಕೇರಿಗೆ ಒಮ್ಮೆ ಹಣ ತಗೊಳ್ಳದೆ ಮಾಡಿಕೊಟ್ಟಿದ್ದರಂತೆ. ಅಪ್ಪ ಸಾಯುವವರೆಗೂ ಅದನ್ನು ನೆನೆಸುತ್ತಿದ್ದ. ಈಗ ಗಾಲಿಯೂ ಇಲ್ಲ, ಕಬ್ಬಿಣದ ಬಳೆ ತರುತ್ತಾರೆ. ಹಲಗಿ ಬಿಡಿ ಎಂದು ಕೂಗಿದ ನಮ್ಮ ಕಾಲದ ಹುಡುಗರ ಮಕ್ಕಳೇ ಈಗ ಸರಕಾರಿ ಉತ್ಸವಗಳಲ್ಲಿ ಬಣ್ಣದ ಅಂಗಿ ತೊಟ್ಟು ಬಾರಿಸುತ್ತಾರೆ. ಹಾವೇರಿಯಲ್ಲಿ 2023ರ ಜನವರಿಯಲ್ಲಿ ಸಾಹಿತ್ಯ ಸಮ್ಮೇಳನವಾದಾಗ ಮೆರವಣಿಗೆಯ ವಾದ್ಯ ಕೇಳಿ ನನ್ನ ಕಾಲೂ ಕುಣಿಯಬೇಕೆಂದವು. ಆ ಕುಣಿತಕ್ಕೆ ಈಗ ನಾಚುವುದಿಲ್ಲ. ಆದರೆ ಅಟ್ಟಕ್ಕೆ ಎಸೆದದ್ದಕ್ಕೂ ನಾಚುವುದಿಲ್ಲ.

ಅದೇ 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ವಿಶ್ವಕರ್ಮ ಯೋಜನೆ ತಂದಿತು. 18 ಕಸುಬುಗಳು, ಉಪಕರಣಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಪಟ್ಟಿಯಲ್ಲಿ ಬಡಿಗನೂ ಇದ್ದಾನೆ, ಚಮ್ಮಾರನೂ ಇದ್ದಾನೆ. ಕಾಗದದ ಮೇಲೆ ಬಡಿಗೇರ ಅಜ್ಜ ಮತ್ತು ನನ್ನ ಚಿಕ್ಕಪ್ಪ ಇಬ್ಬರೂ ವಿಶ್ವಕರ್ಮರು. ತೊಗಲು ಹದ ಮಾಡುವವ, ಹಲಗಿ ಕಟ್ಟುವವ ಪಟ್ಟಿಯಲ್ಲಿಲ್ಲ. ಚಿಕ್ಕಪ್ಪ ಅರ್ಜಿ ತುಂಬಿ ಬಂದು, ‘ನಮಗೂ ಜನಿವಾರ ಕೊಡ್ತಾರೇನಪಾ’ ಅಂದ.

ಕೊನೆಗೆ ಈ ಲೇಖನಕ್ಕೆ ಕಾರಣವಾದ ಸಂಗತಿ. ಅಜ್ಜನ ಊರಿನ ಜಾತ್ರೆ ಕಮಿಟಿಯವರು ಹಳೆ ಮೂರ್ತಿ ಹುಳ ತಿಂದಿದೆ, ಹೊಸದು ಬೇಕು ಅಂದಿದ್ದಾರೆ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ್ದಾರೆ. ಸಿಂಹದ ಮೇಲಿನ ದುರ್ಗೆ, ಕ್ಯಾಲೆಂಡರಿನವಳು. ಕಾಲ ಕೆಳಗೆ ಕೊಂಬು, ಕೋರೆಹಲ್ಲಿನ ರಾಕ್ಷಸ. ಮೇಲಿನದನ್ನು ಅಜ್ಜ ತನಗೆ ಬಂದ ಹಾಗೇ ಕೆತ್ತಿದ್ದಾರೆ, ಕೆಳತುಟಿ ಮುಂದೆ ಬಂದ ಅದೇ ಮುಖ. ಅದಕ್ಕೆ ಕಮಿಟಿಯ ತಕರಾರಿಲ್ಲ. ತಕರಾರು ಕೆಳಗಿನವನದು. ‘ಕೋರೀ ಹಲ್ಲ ತಗೀರಿ ಅಂತಾರ. ನಮ್ಮಜ್ಜ ತಗದಿಲ್ಲ, ನಮ್ಮಪ್ಪ ತಗದಿಲ್ಲ. ನೀವೇನಂತೀರಿ?’ ಎಂದು ನನ್ನನ್ನು ಕೇಳಿದರು.

ಸಂಘಟನೆಯ ಗೆಳೆಯರೊಬ್ಬರಿಗೆ ಇದನ್ನು ಹೇಳಿದೆ. ನಮ್ಮವನು ತುಳಿಸಿಕೊಂಡು ಬಿದ್ದಿರುವುದನ್ನು ಇನ್ನೂ ನೂರು ವರ್ಷ ಉಳಿಸಬೇಕೆನ್ನುತ್ತೀಯಾ, ರಾಕ್ಷಸನೇ ಆಗಲಿ ಬಿಡು, ನಮಗಾದರೂ ಬಿಡುಗಡೆ ಅಂದರು. ಅವರ ಮಾತಿನಲ್ಲಿ ತೂಕವಿದೆ. ಪ್ರತಿ ಜಾತ್ರೆಗೂ ಒಮ್ಮೆ ಸಾಯುವ ಸಂಬಂಧಿಕನನ್ನು ನೋಡುವುದು ಯಾರಿಗೂ ಸುಖವಲ್ಲ. ಆದರೂ ನಾನು ಒಪ್ಪಲಿಲ್ಲ. ಕೊಂಬು, ಕೋರೆ ಬಂದರೆ ಕೊಲೆ ನಿಲ್ಲುವುದಿಲ್ಲ, ಕೊಲೆಯಾದವನ ಗುರುತು ಮಾತ್ರ ಸಿಗದ ಹಾಗಾಗುತ್ತದೆ. ತಡಿ ಎಂದು ಕೈಯೆತ್ತಿದ ಆ ಸಣ್ಣ ಮೀಸೆಯ ಮನುಷ್ಯ ನಮ್ಮ ಕಡೆಯ ಏಕೈಕ ಸಾಕ್ಷಿ. ಅವನನ್ನು ಉಳಿಸಿದವರು ನಾವಲ್ಲ, ಜನಿವಾರದ ಬಡಿಗೇರರು, ಮೂರು ತಲೆಮಾರು, ಯಾರಿಗೂ ಹೇಳದೆ. ಜಾನಪದ ಲೇಖನಗಳು ಆ ಅಜ್ಜನನ್ನು ಮುಗ್ಧ ಎಂದು ಕರೆಯುವುದು ಇನ್ನಾದರೂ ನಿಲ್ಲಲಿ.

ನಾನು ಅಜ್ಜನಿಗೆ, ಹಲ್ಲು ತಗೀಬ್ಯಾಡ್ರಿ ಅಂದೆ. ಕಮಿಟಿಯವರು ದುಡ್ಡು ಕೊಡದಿದ್ದರೆ ಅಂದರು. ಅದಕ್ಕೆ ನನ್ನ ಬಳಿ ಮಾತಿರಲಿಲ್ಲ. ಮೊನ್ನೆ ಮತ್ತೆ ಹೋಗಿದ್ದೆ. ಪೀಠ ಅಂಗಳದಲ್ಲೇ ಇದೆ, ಮೇಲೆ ಗೋಣಿ ಹೊದಿಸಿದ್ದಾರೆ. ಕೋಣನ ಮೈ ಆಗಿದೆ, ಮನುಷ್ಯನ ಎತ್ತಿದ ಕೈ ಆಗಿದೆ. ಮುಖದ ಜಾಗ ಇನ್ನೂ ಬರೀ ದಿಮ್ಮಿ. ‘ಅಂಕಿ ಹಾಕೂ ಮಂಗಳವಾರಕ್ಕ ಇನ್ನಾ ಏಳು ವಾರ ಐತ್ರಿ’ ಅಂದರು, ಉಳಿ ಮಸೆಯುತ್ತಾ.